ದಿನ ತುಂಬದ ಕೂಸಿನ ಕಣ್ಣು



ದಿನ ತುಂಬುವ ಮೊದಲೇ ಹುಟ್ಟಿದ ಕೂಸು ಬದುಕುವುದೇ ಕಷ್ಟ ಎಂಬ ಕಾಲವಿತ್ತು. ಈಗ ಇನ್‌ಕ್ಯುಬೇಟರ್, ಆಮ್ಲಜನಕಗಳ ನೆರವಿನಿಂದ ಅಂಥ ಎಷ್ಟೋ ಕೂಸುಗಳು ಉಳಿಯುತ್ತಿವೆ. ಉಳಿದ ಕೂಸಿಗೆ ದೃಷ್ಟಿಯೂ ಉಳಿಯಬೇಕಲ್ಲವೇ?

ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ರಕ್ತನಾಳಗಳು ನಡುವಿನಿಂದ ಅಂಚಿನ ಕಡೆಗೆ ಬೆಳೆಯುತ್ತವೆ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಆ ಕೆಲಸ ಮುಗಿಯುತ್ತದೆ. ಕೂಸು ಬೇಗ ಹುಟ್ಟಿದರೆ ಅದು ಅರ್ಧಕ್ಕೆ ನಿಂತು, ಮುಂದೆ ನಾಳಗಳು ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಎಳೆದು ಕಳಚಿಬಿಡಬಹುದು. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ, ಚಿಕ್ಕದಾಗಿ ಆರ್.ಓ.ಪಿ. ಎನ್ನುತ್ತಾರೆ. ಅಳತೆ ಮೀರಿದ ಆಮ್ಲಜನಕ ಒಂದು ಕಾರಣವೆಂದು 1950ರ ದಶಕದಲ್ಲಿ ತಿಳಿಯಿತು. ಹಾಗೆಂದು ಆಮ್ಲಜನಕ ಬೇಡವೆಂದು ಯಾರೂ ಹಟ ಹಿಡಿಯಬಾರದು. ಅದು ಬೇಕಾದ ಕೂಸು ಅದಿಲ್ಲದೆ ಉಳಿಯದು.

ಕಷ್ಟವೆಂದರೆ, ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಪಾಪೆಯಲ್ಲಿ ಬಿಳುಪು ಕಾಣುವಷ್ಟರಲ್ಲಿ ಬಹುಪಾಲು ಕಾಲ ಮೀರಿರುತ್ತದೆ. ಆದ್ದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಹುಟ್ಟಿದಾಗ 2 ಕಿಲೋಗಿಂತ ಕಡಿಮೆ ತೂಗಿದ ಕೂಸಿನ ಕಣ್ಣನ್ನು 30 ದಿನದೊಳಗೆ ತಜ್ಞರಿಗೆ ತೋರಿಸಬೇಕು. 28 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ 1200 ಗ್ರಾಂಗಿಂತ ಕಡಿಮೆಯಿದ್ದರೆ ಎರಡು ಮೂರು ವಾರದಲ್ಲೇ ತೋರಿಸಬೇಕು. "ತೀಸ್ ದಿನ್ ರೋಶನಿ ಕೇ" ಎಂಬ ಮಾತು ಹುಟ್ಟಿದ್ದು ಇದಕ್ಕೇ.

ನಮ್ಮ ಮನೆಗಳಲ್ಲಿ ಚಿಲ್ಲಾ ಮುಗಿಯುವವರೆಗೆ, ಅಂದರೆ 40 ದಿನ, ಬಾಣಂತಿ ಮತ್ತು ಕೂಸನ್ನು ಹೊಸ್ತಿಲು ದಾಟಿಸುವುದಿಲ್ಲ. ನೋಡಿ, 30 ಎಲ್ಲಿ, 40 ಎಲ್ಲಿ! ಆ ಪದ್ಧತಿ ತಾಯಿ ಮಗುವಿನ ಆರೈಕೆಗಾಗಿ ಇರುವಂಥದ್ದು, ಚಿಕಿತ್ಸೆಗೆ ಅಡ್ಡಿಯಾಗಬೇಕಿಲ್ಲ. ಇನ್ನೊಂದು ತೊಡಕು ತವರಿನದು. ಹಾನಗಲ್ಲಿನ ಸೊಸೆ ಹೆರಿಗೆಗೆ ಶಿಗ್ಗಾವಿಗೆ ಬರುತ್ತಾಳೆ, ಹಿರೇಕೆರೂರಿನವಳು ಸವಣೂರಿಗೆ. ಆಸ್ಪತ್ರೆ ಹಾವೇರಿಯದೋ ಹುಬ್ಬಳ್ಳಿಯದೋ ಆಗಿರುತ್ತದೆ. ಮರುಪರೀಕ್ಷೆಯ ಚೀಟಿ ಎರಡು ಮನೆಗಳ ನಡುವೆ ಎಲ್ಲೋ ಉಳಿದುಬಿಡುತ್ತದೆ. ಒಮ್ಮೆ ತೋರಿಸಿದರೆ ಸಾಲದು, ನಾಳಗಳು ಪೂರ್ತಿ ಬೆಳೆಯುವವರೆಗೆ ವೈದ್ಯರು ಹೇಳಿದ ದಿನವೇ ಮತ್ತೆ ಹೋಗಬೇಕು.

ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಸಮೇತ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಲ್ಲಿದ್ದೇ ಅಂತರ್ಜಾಲದಲ್ಲಿ ಅದನ್ನು ನೋಡಿ ಹೇಳುತ್ತಾರೆ. ರೋಗ ಬಲಿತಿದ್ದರೆ ಲೇಸರ್ ಅಥವಾ ಕಣ್ಣಿನೊಳಗೆ ಚುಚ್ಚುಮದ್ದು, ಅದೂ ಎರಡು ಮೂರು ದಿನದೊಳಗೆ ಆಗಬೇಕು.

ವಿದ್ಯಾರ್ಥಿಗಳೇ, ನಿಮ್ಮ ಓಣಿಯಲ್ಲಿ ಅಂಥ ಕೂಸು ಹುಟ್ಟಿದರೆ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಕೇಳಿ ಪಡೆದು ಓದಿರಿ. ಸಾಮಾನ್ಯವಾಗಿ ಅದು ಇಂಗ್ಲಿಷಿನಲ್ಲಿರುತ್ತದೆ; ಅಜ್ಜಿ ಓದಲಾರಳು, ನೀವು ಓದಬಲ್ಲಿರಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಕಣ್ಣಿನ ಪರೀಕ್ಷೆ ಯಾವ ದಿನ ಎಂಬುದನ್ನು ಹುಡುಕಿ ಮನೆಯವರಿಗೆ ಹೇಳಿರಿ. ಪರೀಕ್ಷೆಯ ದಿನವನ್ನು ಬರೆದಿರದಿದ್ದರೆ, ಅಂದೇ ಮಕ್ಕಳ ವೈದ್ಯರನ್ನು ಕೇಳಲು ಕಳುಹಿಸಿರಿ.