ನರ್ಸ್‌ಗಳ ಬೆನ್ನಿಗೆ ಅವರದೇ ಸಂಘ



ನಾನು ಸಾಫ್ಟ್‌ವೇರ್ ಕೆಲಸದವಳು. ಬೇರೆ ಕಡೆ ಕೆಲಸ ಸಿಕ್ಕರೆ ನೋಟಿಸ್ ಕೊಟ್ಟು ಹೊರಡುತ್ತೇನೆ. ಖಾಸಗಿ ಆಸ್ಪತ್ರೆಗಳ ಎಷ್ಟೋ ನರ್ಸ್‌ಗಳಿಗೆ ಆ ದಾರಿ ಇರಲಿಲ್ಲ. ಕೆಲಸಕ್ಕೆ ಸೇರುವಾಗಲೇ ಬಾಂಡ್ ಬರೆಸಿಕೊಂಡು, ಮೂಲ ಸರ್ಟಿಫಿಕೇಟ್‌ಗಳನ್ನು ಆಡಳಿತದವರೇ ಇಟ್ಟುಕೊಳ್ಳುತ್ತಿದ್ದರು. ಬಿಡಬೇಕೆಂದರೆ ಹಣ ಕಟ್ಟಬೇಕು. ಬರುವ ಸಂಬಳದಲ್ಲಿ ಓದಿನ ಸಾಲದ ಕಂತು ತೀರಿಸುವುದೇ ಕಷ್ಟ.

ಒಬ್ಬಳೇ ಕೇಳಿದರೆ ಕೆಲಸ ಹೋಗುತ್ತದೆ. ನೂರು ಜನ ಕೇಳಿದರೆ ಮಾತುಕತೆಗೆ ಕರೆಯುತ್ತಾರೆ. 2011ರಲ್ಲಿ ಕೇರಳದಲ್ಲಿ ಹುಟ್ಟಿದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ತೋರಿಸಿದ್ದು ಇದನ್ನೇ. 1908ರಷ್ಟು ಹಳೆಯದಾದ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 2016ರಲ್ಲಿ ಕೋರ್ಟಿನ ಆದೇಶದಂತೆ ರಚನೆಯಾದ ಸಮಿತಿ, 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದಿತು. ಆ ಶಿಫಾರಸು ಕಾಗದದಲ್ಲೇ ಉಳಿಯದಿರಲೆಂದು ಕೇರಳದ ನರ್ಸ್‌ಗಳು 2017ರಲ್ಲಿ ಮುಷ್ಕರಕ್ಕಿಳಿದರು. 2018ರಲ್ಲಿ ಅಲ್ಲಿನ ಸರ್ಕಾರ ಆ ಮೊತ್ತವನ್ನೇ ಕನಿಷ್ಠ ವೇತನವೆಂದು ಪ್ರಕಟಿಸಿತು.

ನಮ್ಮ ಮನೆಗಳಲ್ಲೂ ನರ್ಸಿಂಗ್ ಓದುವ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಎರಡು ಮಾತು ಹೇಳೋಣ: ಮೂಲ ಸರ್ಟಿಫಿಕೇಟ್ ಯಾರ ಕೈಗೂ ಒಪ್ಪಿಸಬೇಡಿ, ಸಂಘ ಸೇರುವುದನ್ನು ಮುಂದೂಡಬೇಡಿ.