ದುಡಿಮೆಗೂ ಒಂದು ಮಿತಿ ಇದೆ

(ಚಾರ್ಮಾಡಿಯಲ್ಲಿ ಜುಮಾ ಖುತ್ಬಾಕ್ಕೆ ಮೊದಲು ಮಾಡಿದ ಪ್ರವಚನದ ಸಂಗ್ರಹ)

ಸರ್ವಸ್ತುತಿಯೂ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅವನ ಕೃಪೆ, ಶಾಂತಿ ಇರಲಿ.



ಕಳೆದ ವಾರ ಸುಬಹಿ ನಮಾಝ್ ಮುಗಿಸಿ ಹೊರಗೆ ಬಂದಾಗ ರಸ್ತೆಯಂಚಿನಲ್ಲಿ ಒಂದು ಲಾರಿ ನಿಂತಿತ್ತು. ಚಾಲಕ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎಬ್ಬಿಸಿ ಚಹಾ ಕೊಟ್ಟೆವು. ಎರಡು ರಾತ್ರಿ ಸರಿಯಾಗಿ ಮಲಗಿಲ್ಲ ಎಂದ. ಇನ್ನು ಘಾಟಿ ಹತ್ತಬೇಕು, ಹೇಳಿದ ಹೊತ್ತಿಗೆ ಮಾಲು ಇಳಿಸದಿದ್ದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ ಎಂದ. "ದುಆ ಮಾಡಿ ಉಸ್ತಾದರೇ" ಎಂದು ಹೇಳಿ ಹೊರಟ. ನಾನು ದುಆ ಮಾಡಿದೆ. ಆದರೆ ದುಆದ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಅದು ಇಡೀ ವಾರ ನನ್ನ ಮನಸ್ಸನ್ನು ಕೊರೆಯಿತು.

ದುಡಿಮೆಯನ್ನು ಇಸ್ಲಾಮ್ ಗೌರವಿಸಿದಷ್ಟು ಇನ್ನಾರು ಗೌರವಿಸಿದ್ದಾರೆ? ಸ್ವಂತ ಕೈಯಿಂದ ದುಡಿದು ಉಣ್ಣುವ ಅನ್ನಕ್ಕಿಂತ ಉತ್ತಮ ಅನ್ನವಿಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅದಕ್ಕೆ ದಾವೂದ್(ಅ)ರನ್ನು ಉದಾಹರಿಸಿದರು. ಆದರೆ ಅದೇ ದೀನ್ ದುಡಿಮೆಗೆ ಗಡಿಯನ್ನೂ ಹಾಕಿದೆ. ರಾತ್ರಿಯನ್ನು ಉಡುಪಿನಂತೆ ಹೊದಿಕೆಯಾಗಿಯೂ ಹಗಲನ್ನು ಜೀವನೋಪಾಯಕ್ಕಾಗಿಯೂ ಮಾಡಿದ್ದೇನೆಂದು ಅಲ್ಲಾಹನು ಸೂರಃ ಅನ್ನಬಅ್‌ನಲ್ಲಿ ತಿಳಿಸುತ್ತಾನೆ. ಸೂರಃ ಅಲ್ ಜುಮುಅಃದಲ್ಲಿ, ಬಾಂಗ್ ಕೇಳಿದೊಡನೆ ವ್ಯಾಪಾರ ನಿಲ್ಲಿಸಿ ಬನ್ನಿ, ನಮಾಝ್ ಮುಗಿದ ಮೇಲೆ ಹರಡಿ ಹೋಗಿ ಅವನ ಅನುಗ್ರಹವನ್ನು ಅರಸಿ ಎಂಬ ಆದೇಶವಿದೆ. ನಿಲ್ಲಿಸುವುದೂ ಆದೇಶವೇ, ಹೊರಡುವುದೂ ಆದೇಶವೇ. ನಾವು ಎರಡನೆಯದನ್ನು ಮಾತ್ರ ನೆನಪಿಟ್ಟಿದ್ದೇವೆ.

ಸಲ್ಮಾನ್(ರ) ಒಮ್ಮೆ ಅಬುದ್ದರ್ದಾ(ರ)ರ ಮನೆಗೆ ಬಂದರು. ಮನೆಯೊಡತಿ ಅಲಂಕಾರವಿಲ್ಲದೆ ಬೇಸರದಲ್ಲಿದ್ದರು. ಪತಿಗೆ ಹಗಲು ಉಪವಾಸ, ರಾತ್ರಿ ನಮಾಝ್, ಮನೆಯ ಕಡೆ ಗಮನವಿಲ್ಲ. ಸಲ್ಮಾನ್(ರ) ಅವರನ್ನು ಊಟಕ್ಕೆ ಕೂರಿಸಿದರು, ರಾತ್ರಿ ಮಲಗಿಸಿದರು, ಕೊನೆಯ ಜಾವದಲ್ಲಿ ಎಬ್ಬಿಸಿ ಜೊತೆಗೆ ನಮಾಝ್ ಮಾಡಿದರು. ನಿನ್ನ ಒಡೆಯನಿಗೂ ನಿನ್ನ ಶರೀರಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನು ಸಲ್ಲಿಸು ಎಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ರ ಬಳಿಗೆ ಹೋದಾಗ, ಸಲ್ಮಾನ್ ಹೇಳಿದ್ದು ಸರಿ ಎಂದರು. ಸಹೋದರರೇ, ಆರಾಧನೆಗೇ ಮನೆಯವರ ಹಕ್ಕನ್ನು ನುಂಗುವ ಅಧಿಕಾರವಿಲ್ಲ ಎಂದಾದರೆ, ಅಂಗಡಿಗೆ, ಕಂಪೆನಿಗೆ ಆ ಅಧಿಕಾರ ಎಲ್ಲಿಂದ ಬಂತು?

ಈ ಗಡಿಯನ್ನು ಮನುಷ್ಯರು ಬಹಳ ಕಷ್ಟಪಟ್ಟು ಕಾನೂನಿಗೆ ತಂದರು. ನಮ್ಮ ದೇಶದಲ್ಲಿ 1881ರ ಕಾರ್ಖಾನೆ ಕಾಯ್ದೆ ಮಕ್ಕಳ ದುಡಿಮೆಗೆ ಮಾತ್ರ ಮಿತಿ ಹಾಕಿತು. ವಯಸ್ಕ ಗಂಡಸಿಗೆ ಮಿತಿಯೇ ಇರಲಿಲ್ಲ. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ಗಂಟೆ ಎಂದಾಯಿತು. 1922ರಲ್ಲಿ ಕಾರ್ಖಾನೆಗಳಿಗೆ ವಾರಕ್ಕೆ 60 ಗಂಟೆ, 1934ರಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ 54 ಗಂಟೆ. ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡುತ್ತಿದ್ದಾಗ ಅದನ್ನು 48ಕ್ಕೆ ಇಳಿಸುವ ಮಸೂದೆ ಬಂತು. 1948ರ ಕಾಯ್ದೆಯಲ್ಲೂ ಅದೇ 48 ಗಂಟೆ ಉಳಿಯಿತು. ಅರುವತ್ತೇಳು ವರ್ಷಗಳಲ್ಲಿ ಒಂದೊಂದೇ ಗಂಟೆಯಾಗಿ ದೊರೆತ ವಿಶ್ರಾಂತಿ ಇದು.

ಈಗ ಗಾಳಿ ಹಿಂದಕ್ಕೆ ಬೀಸುತ್ತಿದೆ. ವಾರದ 48 ಗಂಟೆ ಮೀರದಂತೆ, ದಿನಕ್ಕೆ 12 ಗಂಟೆವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯ 2023ರಲ್ಲಿ ತಂದಿತು. 2024ರಲ್ಲಿ ಐಟಿ ನೌಕರರಿಗೆ 14 ಗಂಟೆಯ ಪ್ರಸ್ತಾಪ ಬಂತು, ನೌಕರರ ಸಂಘಟನೆ ಎದ್ದುನಿಂತು ವಿರೋಧಿಸಿತು. ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಒಬ್ಬ ದೊಡ್ಡ ಉದ್ಯಮಿ, 90 ಗಂಟೆ ಎಂದು ಇನ್ನೊಬ್ಬರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಂದು ಲೆಕ್ಕ ಮುಂದಿಟ್ಟವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿದ ಕಾರಣದಿಂದ ಪಾರ್ಶ್ವವಾಯು, ಹೃದಯರೋಗ ಬಂದು 2016ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ತೀರಿಹೋದರು. ಶರೀರದ ಹಕ್ಕನ್ನು ನಾವು ಕೊಡದಿದ್ದರೆ ಅದು ಹೀಗೆ ವಸೂಲು ಮಾಡುತ್ತದೆ.

ಇದೆಲ್ಲ ಬೆಂಗಳೂರಿನ ವಿಷಯ ಎಂದು ಭಾವಿಸಬೇಡಿ. ನನ್ನ ಉಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದರು. ಬೀಡಿಗೆ ಸಾವಿರದ ಲೆಕ್ಕ, ಗಂಟೆಯ ಲೆಕ್ಕವಿಲ್ಲ. ಅಡುಗೆ, ಬಟ್ಟೆ, ದನಕರು ಮುಗಿಸಿ ತಡ್ಪೆ ಎತ್ತಿಕೊಂಡರೆ, ನಾನು ಮಲಗುವಾಗಲೂ ಕತ್ತರಿಯ ಸದ್ದು, ಏಳುವಾಗಲೂ ಅದೇ ಸದ್ದು. ಬೀಡಿ ಕಾರ್ಮಿಕರಿಗೆಂದು 1966ರಲ್ಲಿ ಕಾಯ್ದೆ ಬಂದಿತ್ತು, ನಿಜ. ಆದರೆ ಮನೆಯ ಜಗಲಿಯಲ್ಲಿ ಯಾರು ಗಡಿಯಾರ ನೋಡುತ್ತಾರೆ? ಗಲ್ಫ್‌ನಲ್ಲಿರುವ ನಮ್ಮ ಹುಡುಗರನ್ನು ಕೇಳಿ. ಯುಎಇಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಕಾನೂನಿದೆ. ಆದರೆ ಗ್ರೋಸರಿಯಲ್ಲಿ ನಿಂತವನಿಗೆ ಬೆಳಗ್ಗೆ ಶಟರ್ ಎತ್ತಿದರೆ ನಡುರಾತ್ರಿ ಇಳಿಸುವವರೆಗೂ ಡ್ಯೂಟಿ. ಧಣಿಯೂ ಹೆಚ್ಚಾಗಿ ನಮ್ಮವನೇ. ಮದ್ರಸದಲ್ಲಿ ಒಬ್ಬ ಮಗುವನ್ನು, ಉಪ್ಪ ಪಾಠ ಹೇಳಿಕೊಡುತ್ತಾರಾ ಎಂದು ಕೇಳಿದೆ. "ಉಪ್ಪ ನಾನು ಮಲಗಿದ ಮೇಲೆ ಬರುವುದು ಉಸ್ತಾದ್" ಎಂದಿತು. ಅವನು ಗಲ್ಫ್‌ನಲ್ಲಿಲ್ಲ, ಇದೇ ಊರಿನಲ್ಲಿದ್ದಾನೆ.

ಸಾಲ ಇದೆ, ಕಂತು ಇದೆ, ಮಗಳ ಮದುವೆ ಇದೆ, ದುಡಿಯದೆ ಏನು ಮಾಡುವುದು ಎಂದು ನೀವು ಕೇಳಬಹುದು. ಒಪ್ಪುತ್ತೇನೆ. 2019ರ ಆಗಸ್ಟ್ ಮಳೆಗೆ ಘಾಟಿ ಕುಸಿದು ರಸ್ತೆ ಮುಚ್ಚಿದಾಗ, ಕೆಲಸವಿಲ್ಲದ ಸಂಕಟ ಏನೆಂದು ಈ ಊರು ಕಂಡಿದೆ. ಹೊಟ್ಟೆಪಾಡಿಗಾಗಿ ದುಡಿದು ದಣಿದವನನ್ನು ನಾನು ದೂರುವುದಿಲ್ಲ. ಅವನ ಬೆವರಿಗೆ ಅಲ್ಲಾಹನ ಬಳಿ ಪ್ರತಿಫಲವಿದೆ. ಆದರೆ ಆ ಕಂತು ಯಾವುದಕ್ಕೆ? ನೆರೆಮನೆಯವನಿಗಿಂತ ದೊಡ್ಡ ಮನೆಗೆ, ಒಂದು ದಿನದ ಮದುವೆ ಆಡಂಬರಕ್ಕೆ ಎಂದಾದರೆ, ನಿಮ್ಮ ನಿದ್ದೆಯನ್ನು ಮಾರಿದವರು ನೀವೇ.

ನನ್ನ ಹೆಚ್ಚಿನ ಮಾತು ಕೆಲಸ ಮಾಡಿಸುವವರಿಗೆ. ಮದ್‌ಯನ್‌ನಲ್ಲಿ ಮೂಸಾ(ಅ)ರನ್ನು ಕೆಲಸಕ್ಕಿಟ್ಟ ಹಿರಿಯರನ್ನು ನೆನೆಯಿರಿ. ಸೂರಃ ಅಲ್ ಕಸಸ್‌ನಲ್ಲಿ ಆ ಕರಾರು ಇದೆ. ಎಂಟು ವರ್ಷ ಕಡ್ಡಾಯ, ಹತ್ತು ಪೂರ್ತಿ ಮಾಡುವುದಾದರೆ ಅದು ನಿನ್ನಿಷ್ಟ, ನಿನಗೆ ಕಷ್ಟ ಕೊಡುವ ಉದ್ದೇಶ ನನಗಿಲ್ಲ ಎಂದು ಧಣಿಯೇ ಮೊದಲು ಹೇಳುತ್ತಾರೆ. ಅವಧಿ ಮೊದಲೇ ನಿಶ್ಚಯ, ಹೆಚ್ಚಿನದು ಕೆಲಸಗಾರನ ಇಚ್ಛೆ. ನಮ್ಮಲ್ಲಿ ಎಷ್ಟು ಅಂಗಡಿಗಳಲ್ಲಿ ಹುಡುಗನಿಗೆ ಬಿಡುವ ಹೊತ್ತು ಗೊತ್ತಿದೆ? ಮದೀನಾದ ತೋಟವೊಂದರಲ್ಲಿ ಕಣ್ಣೀರಿಟ್ಟ ಒಂಟೆಯನ್ನು ಪ್ರವಾದಿ(ಸ) ಸವರಿ ಸಮಾಧಾನಪಡಿಸಿ, ಅದನ್ನು ಹಸಿವೆಯಲ್ಲಿಟ್ಟು ವಿಪರೀತ ದುಡಿಸುತ್ತೀಯೆಂದು ಮಾಲಿಕನನ್ನು ಎಚ್ಚರಿಸಿದರು. ಒಂಟೆಯ ದೂರಿಗೇ ವಿಚಾರಣೆ ಇದ್ದರೆ, ಮನುಷ್ಯನ ದೂರಿಗೆ ಇರುವುದಿಲ್ಲವೇ?

ಆದ್ದರಿಂದ ಅಂಗಡಿ, ಹೋಟೆಲ್ ಇರುವವರು ಹೊತ್ತು ನಿಶ್ಚಯಿಸಿ. ದಿನಕ್ಕೆ 9 ಗಂಟೆ ಮತ್ತು ವಾರಕ್ಕೊಂದು ರಜೆ ಎಂದು ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆಯೇ ಹೇಳಿದೆ. ಮೀರಿ ದುಡಿಸಿದರೆ ಅದರ ಕೂಲಿಯನ್ನು ಬೆವರಾರುವ ಮುನ್ನ ಕೊಡಿ. ವಾಹನ ಇರುವವರು, ನಿದ್ದೆಗೆಟ್ಟ ಚಾಲಕನನ್ನು ಮಂಜು ಮುಸುಕಿದ ಘಾಟಿಗೆ ಎರಡನೇ ಟ್ರಿಪ್‌ಗೆ ಕಳಿಸಬೇಡಿ. ಆ ತಿರುವುಗಳಲ್ಲಿ ಎದುರಿನಿಂದ ಬರುವ ಬಸ್ಸಿನಲ್ಲಿ ಇರುವುದು ಯಾರದೋ ಮಕ್ಕಳು. ಮನೆಗೆ ಹೋದ ಗಂಡಸರು ಸ್ವಲ್ಪ ಕೈಜೋಡಿಸಿ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಗೆಲಸದಲ್ಲಿ ನೆರವಾಗುತ್ತಿದ್ದರು, ನಮಾಝಿನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ.

ಆ ದಿನ ಲಾರಿ ಚಾಲಕನಿಗೆ ನಾನು ಹೇಳಬೇಕಿದ್ದ ಮಾತು ಇಷ್ಟೇ: "ಒಳಗೆ ಬಾ, ಎರಡು ಗಂಟೆ ಮಲಗಿ ಹೋಗು." ಕಮಿಟಿಯವರೊಂದಿಗೆ ಮಾತಾಡಿದ್ದೇನೆ. ಇಂದಿನಿಂದ ಮಸೀದಿಯ ಕೆಳಗಿನ ಕೋಣೆ ರಾತ್ರಿಯಿಡೀ ತೆರೆದಿರುತ್ತದೆ. ಚಾಪೆ, ನೀರು ಇರುತ್ತದೆ. ಚಾಲಕ ಯಾವ ಧರ್ಮದವನೆಂದು ಯಾರೂ ಕೇಳಬಾರದು. ಹೊರಗೆ ಲಾರಿ ನಿಂತದ್ದು ಕಂಡರೆ ಹೋಗಿ ಕರೆಯಿರಿ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರ್ಕತ್ತನ್ನೂ ರಾತ್ರಿಗಳಲ್ಲಿ ನೆಮ್ಮದಿಯನ್ನೂ ಕರುಣಿಸಲಿ. ನಮ್ಮ ಕೈಕೆಳಗಿರುವವರ ಹಕ್ಕು ನಮ್ಮ ಕೊರಳಿಗೆ ಉಳಿಯದಂತೆ ಕಾಪಾಡಲಿ. ಘಾಟಿಯಲ್ಲಿ ಸಾಗುವ ಎಲ್ಲರನ್ನೂ ಕ್ಷೇಮವಾಗಿ ಮನೆ ತಲುಪಿಸಲಿ. ಆಮೀನ್.