ಓದುಗರನ್ನು ಏನು ಕೇಳಬೇಕು?



ನಮ್ಮ ಪತ್ರಿಕೆಯ ಓದುಗರ ಮನಸ್ಸು ತಿಳಿಯಲು ಒಂದು ಸಮೀಕ್ಷೆ ಮಾಡಬೇಕೆಂಬ ಮಾತು ಬಂದಿದೆ. ಮಾಡೋಣ. ಆದರೆ ‘ನೀವು ಜಾತಿಭೇದ ಮಾಡುತ್ತೀರಾ?’ ಎಂದು ಕೇಳಿದರೆ ಬಸವಭಕ್ತರಲ್ಲಿ ಹೌದೆನ್ನುವವರು ಯಾರು?

2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು ಸುಮಾರು 42,000 ಮನೆಗಳಿಗೆ ಹೋಗಿದ್ದರು. ಮನೆಯಲ್ಲಿ ಅಸ್ಪೃಶ್ಯತೆ ಆಚರಿಸುತ್ತೀರಾ ಎಂದು ಕೇಳಿ, ಇಲ್ಲವೆಂದವರಿಗೆ ಇನ್ನೊಂದು ಪ್ರಶ್ನೆ ಹಾಕಿದರು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ಪಾತ್ರೆ ಬಳಸಿದರೆ ತೊಂದರೆಯೇ? ಇಲ್ಲವೆಂದವರಲ್ಲೇ ಕೆಲವರು ಈಗ ಹೌದೆಂದರು. ಎರಡೂ ಸೇರಿ ಶೇಕಡಾ 27 ಮನೆಗಳು. ಇವರೆಲ್ಲ ಸುಳ್ಳುಗಾರರೆಂದು ನಾನು ಹೇಳಲಾರೆ. ಅಡುಗೆಮನೆಯ ಹೊಸ್ತಿಲನ್ನು ಅವರು ಅಸ್ಪೃಶ್ಯತೆಯ ಲೆಕ್ಕಕ್ಕೇ ಹಿಡಿದಿರಲಿಕ್ಕಿಲ್ಲ.

ನಾವೂ ನುಡಿ ಕೇಳುವುದು ಬೇಡ, ನಡೆ ಕೇಳೋಣ. ಸೂತಕ ಒಪ್ಪುತ್ತೀರಾ ಎನ್ನುವ ಬದಲು, ಮನೆಯಲ್ಲಿ ಸಾವಾದಾಗ ಇಷ್ಟಲಿಂಗ ಪೂಜೆ ಎಷ್ಟು ದಿನ ನಿಂತಿತ್ತು? ಮನೆಯ ಕಳೆದ ಮದುವೆಯಲ್ಲಿ ಒಳಪಂಗಡ ವಿಚಾರಿಸಿದವರು ಯಾರು? ಜಾತಕ ತೋರಿಸಿದ್ದು ಯಾರಿಗೆ?

ಹಾಳೆಯ ಮೇಲೆ ಹೆಸರು, ಊರು ಬೇಡ. ಯಜಮಾನರಿಗೊಂದು, ಸೊಸೆಗೊಂದು ಬೇರೆ ಬೇರೆ ಹಾಳೆ ಕೊಡೋಣ. ಎರಡಕ್ಕೂ ಒಂದೇ ಸಂಖ್ಯೆ ಇರಲಿ, ಉತ್ತರ ಹೊಂದುತ್ತದೆಯೇ ನೋಡಬಹುದು. ಸೊಸೆಯ ಲಕೋಟೆಯನ್ನು ಮಾತ್ರ ಅವಳೇ ಅಂಟಿಸಿ ಕಳಿಸಲಿ.